ಎರಡನೇ ರೈಲು ಶೆಡ್ಡಿನಲ್ಲೇ ಇತ್ತು

ದಸರಾ ರಜೆಯಲ್ಲಿ ನಾವು ಹೋದ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ರೈಡ್ ಕೆಟ್ಟು ನಿಂತಿತ್ತು ಅನ್ನುವುದು ನನ್ನ ದೂರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ. "ಮಿಷನ್ ಅಂದ ಮೇಲೆ ಕೆಡಲ್ವಾ? ನೀನೇ ಮೆಕ್ಯಾನಿಕ್, ನಿನಗೆ ಗೊತ್ತಿಲ್ವಾ?" ಅಂತ ಭಾವ ಕೇಳಿದರು.

ಗೊತ್ತು. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು ನಾನು. ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್, ಬೀಜ ವಿಂಗಡಿಸುವ ಗ್ರೇಡರ್, ಎಲಿವೇಟರ್, ಇವುಗಳ ಜೊತೆಯೇ ತಲೆಗೂದಲು ಬೆಳ್ಳಗಾಗಿದೆ. ಕೆಡದ ಮಿಷನ್ ಅಂತ ಒಂದನ್ನೂ ನೋಡಿಲ್ಲ. ಆದರೆ ಸೀಸನ್‌ನಲ್ಲಿ ಹಲ್ಲರ್ ನಿಂತರೆ ಸ್ಪ್ಯಾನರ್‌ಗಿಂತ ಮೊದಲು ನಮ್ಮ ಕೈಗೆ ಬರುವುದು ಫೋನ್. "ಇವತ್ತು ಲೋಡ್ ಕಳಿಸಬೇಡಿ, ನಾಳೆ ಮಧ್ಯಾಹ್ನದ ಮೇಲೆ ನೋಡೋಣ" ಅಂತ ತೋಟದವರಿಗೆ ಹೇಳುತ್ತೇವೆ. ಹೇಳದೆ ಇದ್ದರೆ ಸಿದ್ದಾಪುರದಿಂದ, ಪಾಲಿಬೆಟ್ಟದಿಂದ ಲಾರಿಗಳು ಬಂದು ಗೇಟಿನಲ್ಲಿ ನಿಲ್ಲುತ್ತವೆ. ಆಮೇಲೆ ನಮಗೆ ಸಿಗುವ ಬೈಗುಳಕ್ಕೆ ನಾವು ಎದುರು ಮಾತಾಡುವ ಹಾಗಿಲ್ಲ.

ಪಾರ್ಕಿನವರು ಈ ಒಂದು ಕೆಲಸ ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಯಾವ ಪಾರ್ಕ್ ಅಂತ ಹೆಸರು ಹಾಕುವುದಿಲ್ಲ. ಘಟ್ಟದ ಈ ಕಡೆಯಿಂದ ಬಯಲಿಗೆ ಇಳಿದು ಹೋಗುವವರಿಗೆ ಅಂಥ ಜಾಗಗಳು ಒಂದೆರಡಲ್ಲ. ನಮ್ಮ ಮನೆಯವರು ಮೊದಲಿನಿಂದಲೂ ಹೋಗುವುದು ಇದಕ್ಕೇ. ಅಕ್ಕನ ಮಗಳು ಮಡಿಲಲ್ಲಿ ಕೂರುವ ಮಗುವಾಗಿದ್ದಾಗ ಶುರುವಾದದ್ದು. ಈಗ ಅವಳು ಸೆಕೆಂಡ್ ಪಿಯುಸಿ. ಕೊಡಗಿನ ಮಕ್ಕಳಿಗೆ ಇಂಥ ಜಾಗದ ಹುಚ್ಚು ಸ್ವಲ್ಪ ಜಾಸ್ತಿಯೇ. ಪ್ರವಾಸಿಗರು ದುಡ್ಡು ಕೊಟ್ಟು ನೋಡಲು ಬರುವ ಬೆಟ್ಟ, ಹೊಳೆ, ಆನೆ ಎಲ್ಲ ಇವರಿಗೆ ಶಾಲೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಆನೆ ಸಿಕ್ಕರೆ ಶಾಲೆಗೆ ರಜೆ, ಅಷ್ಟೇ. ಆದರೆ ಜಿಲ್ಲೆಯಲ್ಲಿ ಒಂದು ರೈಲು ಹಳಿಯೂ ಇಲ್ಲ. ಅಕ್ಕನ ಮಗ ತನ್ನ ಜೀವನದಲ್ಲಿ ಹತ್ತಿದ ಮೊದಲ ರೈಲು ಅಂದರೆ ಈ ಪಾರ್ಕಿನ ರೋಲರ್ ಕೋಸ್ಟರ್ರೇ.

ಈ ಹುಡುಗನ ಕಥೆಯೇ ಇಲ್ಲಿ ಮುಖ್ಯ. ಆರನೇ ಕ್ಲಾಸು. ಪಾರ್ಕಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವ ಒಂದು ರೈಡ್ ಇದೆ. ಮೇಲೆ ಕರೆದುಕೊಂಡು ಹೋಗಿ, ಒಂದು ಗಳಿಗೆ ನಿಲ್ಲಿಸಿ, ಕೈಬಿಡುತ್ತದೆ. ಅದಕ್ಕೆ 140 ಸೆಂಟಿಮೀಟರ್ ಎತ್ತರ ಇರಬೇಕು. ಕಳೆದ ಸಲ ಅಳತೆ ಕಂಬದ ಹತ್ತಿರ ಇವನನ್ನು ನಿಲ್ಲಿಸಿ ವಾಪಸ್ ಕಳಿಸಿದ್ದರು. ಅವತ್ತಿನಿಂದ ಅಕ್ಕನ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳು ಏರುತ್ತಾ ಬಂದವು. ಸೆಪ್ಟೆಂಬರಿನಲ್ಲಿ 140 ದಾಟಿದ. ಅಮ್ಮನಿಗೆ ಹೇಳುವ ಮೊದಲು ನನಗೆ ಫೋನ್ ಮಾಡಿದ್ದ. "ಮಾವ, ನೂರಾ ನಲವತ್ತೊಂದು. ಚಪ್ಪಲಿ ಹಾಕದೇ."

ದಸರಾ ರಜೆಗೆ ಹೋಗುವುದು ಅಂತ ಆಯಿತು. ಮಡಿಕೇರಿಯ ದಶಮಂಟಪ ಮೆರವಣಿಗೆ ಮುಗಿದು ನಿದ್ದೆ ತೀರಿದ ಮೇಲೆ ಹೊರಟೆವು. ಕೊಪ್ಪ ಸೇತುವೆ ದಾಟುವಾಗ ಇನ್ನೂ ಕತ್ತಲೆ.

ಟಿಕೆಟ್ ಒಬ್ಬರಿಗೆ ಸಾವಿರದ ಮುನ್ನೂರು ಚಿಲ್ಲರೆ. ಭಾವ ಕೌಂಟರಿನಲ್ಲೇ "ಎಲ್ಲ ಜಿಎಸ್‌ಟಿ ಮಹಿಮೆ" ಅಂದರು. ಅವರಿಗೆ ಏನೇ ದುಬಾರಿಯಾದರೂ ಅದೇ ಕಾರಣ. ನಿಜ ಹೇಳಬೇಕೆಂದರೆ ಇಂಥ ಪಾರ್ಕುಗಳ ಟಿಕೆಟ್ ಮೇಲೆ 2017ರಲ್ಲಿ ಜಿಎಸ್‌ಟಿ ಶುರುವಾದಾಗ 28 ಪರ್ಸೆಂಟ್ ಇತ್ತು. 2018ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಿದರು. ಆ ವರ್ಷ ನಮ್ಮ ಪಾರ್ಕಿನಲ್ಲಿ ಟಿಕೆಟ್ ಇಳಿದದ್ದು ನನಗಂತೂ ನೆನಪಿಲ್ಲ.

ಅಲ್ಲಿ ಮೊದಲೆಲ್ಲ ಟಿಕೆಟ್ ಕೌಂಟರ್ ಪಕ್ಕ ಒಂದು ಕರಿ ಹಲಗೆ ಇತ್ತು. ಇವತ್ತು ಯಾವ ರೈಡ್ ಇಲ್ಲ ಅಂತ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಆದರೂ ದುಡ್ಡು ಕೊಡುವ ಮೊದಲೇ ವಿಷಯ ಗೊತ್ತಾಗುತ್ತಿತ್ತು. ಒಮ್ಮೆ ಎರಡು ದೊಡ್ಡ ರೈಡ್ ಇಲ್ಲ ಅಂತ ಬರೆದದ್ದು ನೋಡಿ ನಾವು ಒಳಗೇ ಹೋಗದೆ ಮೈಸೂರು ಜೂ ನೋಡಿಕೊಂಡು ವಾಪಸ್ ಬಂದಿದ್ದೆವು. ಬೇಜಾರೇನೂ ಆಗಿರಲಿಲ್ಲ. ಆ ಹಲಗೆ ಇದ್ದ ಗೋಡೆಯ ಮೇಲೆ ಈಗ ದೊಡ್ಡ ಎಲ್‌ಇಡಿ ಪರದೆ ಇದೆ. ಹುಟ್ಟುಹಬ್ಬದ ಆಫರ್, ಕಾಂಬೊ ಆಫರ್, ಬಿರಿಯಾನಿ ಆಫರ್ ಎಲ್ಲ ಅದರಲ್ಲಿ ಓಡುತ್ತದೆ. ಬಂದ್ ಆದ ರೈಡಿನ ಸುದ್ದಿ ಮಾತ್ರ ಇಲ್ಲ.

ಗೇಟಿನಲ್ಲಿ ಬ್ಯಾಗ್ ತಪಾಸಣೆ. ಅಕ್ಕ ಬೆಳಿಗ್ಗೆ ಎದ್ದು ಮಾಡಿದ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ವಾಪಸ್ ಗಾಡಿಗೆ ಹೋಯಿತು. ಅದು ಹಳೇ ನಿಯಮ, ಬಿಡಿ.

ಒಳಗೆ ಹೋದ ತಕ್ಷಣ ಹುಡುಗ ಓಡಿದ್ದು ಆ ಎತ್ತರದ ರೈಡಿನ ಕಡೆಗೇ. ಪಾರ್ಕಿನ ಆ ತುದಿಯಲ್ಲಿದೆ. ನಾವೆಲ್ಲ ಏದುಸಿರು ಬಿಡುತ್ತಾ ತಲುಪಿದಾಗ ಅವನು ಹಗ್ಗದ ಮುಂದೆ ನಿಂತಿದ್ದ. ಹಗ್ಗಕ್ಕೆ 'ಅಂಡರ್ ಮೆಂಟೆನೆನ್ಸ್' ಅಂತ ಒಂದು ಬೋರ್ಡ್ ತೂಗುತ್ತಿತ್ತು. ಲ್ಯಾಮಿನೇಷನ್ ಮಾಡಿಸಿದ ಬೋರ್ಡ್. ಬೆಳಿಗ್ಗೆ ಕೆಟ್ಟದ್ದಕ್ಕೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ, ಅಲ್ವಾ? ಅದರ ಮೂಲೆಯಲ್ಲಿ ನೀರು ನುಗ್ಗಿ ಕಾಗದ ಹಳದಿಯಾಗಿತ್ತು. ಅಂದರೆ ಒಂದು ಮಳೆಗಾಲವಾದರೂ ನೋಡಿದೆ. ಕ್ಯೂ ನಿಲ್ಲುವ ಕಂಬಿಗಳ ನಡುವೆ ಮೊಣಕಾಲುದ್ದ ಹುಲ್ಲು. ತಿರುಗುವ ಗೇಟಿನಲ್ಲಿ ಜೇಡರ ಬಲೆ. ಮೇಲಿನ ಪುಲ್ಲಿ ಕಡೆ ನೋಡಿದೆ. ರೋಪೇ ಇರಲಿಲ್ಲ. ಬಿಚ್ಚಿ ಕೊಂಡೊಯ್ದಿದ್ದರು. ನಾಳೆ ನಾಡಿದ್ದಿಗೆ ಶುರುವಾಗುವ ರೈಡ್ ಅದಲ್ಲ.

ಹುಡುಗ ಅಳಲಿಲ್ಲ. ಅಳತೆ ಕಂಬದ ಹತ್ತಿರ ಹೋಗಿ ನಿಂತು, "ಫೋಟೋ ತೆಗೀರಿ ಮಾವ" ಅಂದ. ತೆಗೆದೆ.

ಆಮೇಲೆ ರೋಲರ್ ಕೋಸ್ಟರ್. ಇಲ್ಲಿ ನನ್ನ ವೃತ್ತಿಯ ಕಣ್ಣು ಸುಮ್ಮನಿರಲಿಲ್ಲ. ಈ ಕೋಸ್ಟರಿಗೆ ಎರಡು ರೈಲಿವೆ. ಒಂದೊಂದರಲ್ಲಿ ಇಪ್ಪತ್ತು ಸೀಟು. ಮುಂಚೆ ಒಂದು ರೈಲು ಮೇಲೆ ಸುತ್ತುತ್ತಿರುವಾಗ ಇನ್ನೊಂದಕ್ಕೆ ಜನ ಹತ್ತುತ್ತಿದ್ದರು. ಈ ಸಲ ಒಂದೇ ಓಡುತ್ತಿತ್ತು. ಎರಡನೆಯದು ಪಕ್ಕದ ಶೆಡ್ಡಿನಲ್ಲಿ ನೀಲಿ ಟಾರ್ಪಾಲ್ ಹೊದ್ದು ಮಲಗಿತ್ತು. ಚಕ್ರಗಳನ್ನೂ ಬಿಚ್ಚಿದ್ದರು. ಬಹುಶಃ ಒಂದರ ಸ್ಪೇರ್ ಇನ್ನೊಂದಕ್ಕೆ ಹೋಗುತ್ತಿದೆ. ಸ್ಪೇರ್‌ಗೆ ದುಡ್ಡು ಕೊಡದ ಯಜಮಾನರ ಕೆಳಗೆ ಕೆಲಸ ಮಾಡಿದವರಿಗೆ ಆ ನೋಟದ ಪರಿಚಯ ಇರುತ್ತದೆ.

ಕ್ಯೂನಲ್ಲಿ ನಿಂತು ಲೆಕ್ಕ ಹಾಕಿದೆ. ಬೇರೆ ಕೆಲಸವೂ ಇರಲಿಲ್ಲ. ಒಂದು ಸುತ್ತಿಗೆ ಎರಡು ನಿಮಿಷ, ಇಳಿಸಿ ಹತ್ತಿಸಿ, ಸೀಟಿಗೆ ಬಿಗಿಯುವ ಬಾರ್ ಚೆಕ್ ಮಾಡಲು ಇನ್ನೆರಡು ನಿಮಿಷ. ನಾಲ್ಕು ನಿಮಿಷಕ್ಕೆ ಇಪ್ಪತ್ತು ಜನ ಅಂದರೆ ಗಂಟೆಗೆ 300. ಎರಡು ರೈಲು ಓಡಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಇಷ್ಟಕ್ಕೇ ನಿಂತಿದ್ದರೆ ಸರಿ ಹೋಗಲಿ ಅನ್ನುತ್ತಿದ್ದೆ. ಆದರೆ ಪಕ್ಕದಲ್ಲಿ ಇನ್ನೊಂದು ದಾರಿ ಇದೆ. ಟಿಕೆಟ್ ಮೇಲೆ ಇನ್ನೂ ದುಡ್ಡು ಕೊಟ್ಟವರ ಕೈಗೆ ನೀಲಿ ಬ್ಯಾಂಡ್ ಕಟ್ಟುತ್ತಾರೆ. ಅವರಿಗೆ ಕ್ಯೂ ಇಲ್ಲ. ಪ್ರತಿ ಸುತ್ತಿಗೂ ಮೊದಲ ಎಂಟು ಸೀಟು ಅವರಿಗೆ. ಉಳಿದದ್ದು ಹನ್ನೆರಡು. ಅಂದರೆ ಸಾದಾ ಕ್ಯೂನಲ್ಲಿ ಗಂಟೆಗೆ 180 ಜನ ಮಾತ್ರ ಮುಂದೆ ಹೋಗುತ್ತಾರೆ. ನಮ್ಮ ಮುಂದೆ ಮುನ್ನೂರು ಜನ ಇದ್ದರು ಅಂತಿಟ್ಟುಕೊಳ್ಳಿ. ಒಂದೂಮುಕ್ಕಾಲು ಗಂಟೆ ಹತ್ತಿರ ಹತ್ತಿರ. ಸರಿಯಾಗಿ ಅಷ್ಟೇ ಹೊತ್ತಾಯಿತು.

ಈಗ ಯೋಚನೆ ಮಾಡಿ. ಎರಡನೇ ರೈಲು ರಿಪೇರಿಯಾಗಿ ಹಳಿ ಮೇಲೆ ಬಂದರೆ ಕ್ಯೂ ಅರ್ಧಕ್ಕಿಳಿಯುತ್ತದೆ. ಕ್ಯೂ ಇಳಿದರೆ ನೀಲಿ ಬ್ಯಾಂಡ್ ಯಾರು ತಗೊಳ್ಳುತ್ತಾರೆ? ಅಂದರೆ ರೈಲು ಶೆಡ್ಡಿನಲ್ಲಿ ಇದ್ದಷ್ಟು ದಿನ ಪಾರ್ಕಿಗೆ ಖರ್ಚೂ ಕಡಿಮೆ, ಬ್ಯಾಂಡಿನ ವ್ಯಾಪಾರವೂ ಜೋರು. ಬೇಕಂತಲೇ ಹೀಗೆ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಬೇಗ ರಿಪೇರಿ ಮಾಡಿ ಅಂತ ಅವಸರ ಪಡಿಸುವವರು ಆ ಆಫೀಸಿನಲ್ಲಿ ಯಾರೂ ಇರಲಾರರು. ನಮ್ಮಲ್ಲಿ ಹಲ್ಲರ್ ನಿಂತರೆ ಯಜಮಾನರಿಗೆ ಗಂಟೆಗಂಟೆಗೂ ನಷ್ಟ. ಅದಕ್ಕೇ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಇಲ್ಲಿ ಮಿಷನ್ ನಿಂತರೆ ನಷ್ಟ ಆಗುವುದು ಕ್ಯೂನಲ್ಲಿ ನಿಂತವನಿಗೆ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ನನಗೇ ಪಾಠ ಮಾಡಿದಳು. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಅಂತ ಬಂತಂತೆ. ಆಗ ಅದು ಪುಕ್ಕಟೆ. ಚೀಟಿ ತಗೊಂಡು, ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಕ್ಯೂ ಇಲ್ಲದೆ ಹತ್ತಬಹುದಿತ್ತು. 2021ರಲ್ಲಿ ಅದನ್ನು ತೆಗೆದು ದುಡ್ಡು ಕೊಡುವವರಿಗೆ ಮಾತ್ರ ಅಂತ ಮಾಡಿದರಂತೆ. "ಅಲ್ಲೂ ಇದೇ ಗಲಾಟೆ ಮಾವ, ನೀವೊಬ್ಬರೇ ಅಲ್ಲ" ಅಂದಳು. ಅದರಿಂದ ನನಗೇನೂ ಸಮಾಧಾನ ಆಗಲಿಲ್ಲ. ಅಲ್ಲಿ ರೈಲಾದರೂ ಎಲ್ಲ ಓಡುತ್ತಿರಬಹುದು.

ಕೊನೆಗೂ ಹತ್ತಿದೆವು. ಚೈನ್ ಮೇಲಕ್ಕೆ ಎಳೆಯುವಾಗ ಬರುವ ಟಕಟಕ ಸದ್ದಿಗೆ ಪಕ್ಕದ ಸೀಟಿನ ಹೆಂಗಸು ಹೆದರಿ ಕಣ್ಣು ಮುಚ್ಚಿದರು. ನಾನು ಮಾತ್ರ ಆ ಸದ್ದು ಕೇಳಿ ನಿಶ್ಚಿಂತೆಯಾಗಿ ಕೂತೆ. ರೈಲಿನ ಕೆಳಗಿರುವ ಕೊಂಡಿ ಹಳಿಯ ನಡುವಿನ ಹಲ್ಲುಗಳನ್ನು ಒಂದೊಂದಾಗಿ ದಾಟುವ ಸದ್ದು ಅದು. ಚೈನ್ ತುಂಡಾದರೂ ರೈಲು ಹಿಂದಕ್ಕೆ ಜಾರದ ಹಾಗೆ ಹಿಡಿಯುವುದು ಆ ಕೊಂಡಿಯೇ. ಹೆದರಬೇಕಾದ್ದು ಆ ಸದ್ದು ನಿಂತಾಗ. ನನಗೆ ಕಿರಿಕಿರಿಯಾದದ್ದು ಬೇರೆ ವಿಷಯಕ್ಕೆ. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೇ ಹುಡುಗರು, ನಮ್ಮ ಕಡೆ ಇದ್ದವನು ಒಬ್ಬನೇ. ಇಪ್ಪತ್ತು ಬಾರ್ ಚೆಕ್ ಮಾಡುವವನೂ ಅವನೇ, ಬ್ಯಾಗ್ ಇಡಿಸುವವನೂ ಅವನೇ, ನೀಲಿ ಬ್ಯಾಂಡ್ ನೋಡಿ ಬಿಡುವವನೂ ಅವನೇ. ಮೊದಲೆಲ್ಲ ಬಾರನ್ನು ಒತ್ತಿ, ಮತ್ತೆ ಮೇಲಕ್ಕೆ ಎಳೆದು ನೋಡುತ್ತಿದ್ದರು. ಈಗ ಓಡುತ್ತಲೇ ಒಮ್ಮೆ ಮುಟ್ಟಿದ. ನನ್ನದನ್ನು ನಾನೇ ಎಳೆದು ನೋಡಿಕೊಂಡೆ, ಆಚೀಚೆಯವರದ್ದೂ.

ಇಳಿದ ಮೇಲೆ ಆ ಹುಡುಗನನ್ನು ಮಾತಾಡಿಸಿದೆ. ಹಾಸನ ಕಡೆಯವನು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದಾನೆ. "ನಾಲ್ಕು ಜನ ಇದ್ವಿ ಅಣ್ಣ. ಇಬ್ಬರು ಬಿಟ್ಟು ಹೋದ್ರು. ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ" ಅಂದ. ಊಟಕ್ಕೆ ಬಿಡುತ್ತಾರಾ ಅಂದರೆ ನಕ್ಕ. ನನ್ನ ಸಿಟ್ಟು ಇಂಥವರ ಮೇಲಲ್ಲ. ಗ್ರೂಪಿನಲ್ಲಿ ಯಾರೋ 'ಈಗಿನ ಹುಡುಗರಿಗೆ ಕೆಲಸವೇ ಬೇಡ' ಅಂತ ಹಾಕಿದ್ದರು. ಬಂದು ಒಂದು ದಿನ ಅವನ ಜಾಗದಲ್ಲಿ ನಿಲ್ಲಲಿ.

ನೀರಿನ ಕಡೆಯೂ ಇದೇ ಕಥೆ. ಅಲೆ ಏಳುವ ಕೊಳದ ಹತ್ತಿರ ಹೋಗುವಾಗಲೇ ಮೂಗಿಗೆ ಘಾಟು ಹೊಡೆಯಿತು. "ಪರವಾಗಿಲ್ಲ, ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ" ಅಂತ ಭಾವ ಮೆಚ್ಚಿಕೊಂಡರು. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಆದರೆ ವಿಷಯ ಉಲ್ಟಾ. ನೀರಿನಲ್ಲಿ ಸೇರಿದ ಬೆವರು, ಮೂತ್ರದ ಜೊತೆ ಕ್ಲೋರಿನ್ ಬೆರೆತು ಕ್ಲೋರಮೈನ್ ಆಗುತ್ತದೆ. ಆ ಘಾಟು ಅದರದ್ದು. ಕಣ್ಣುರಿಯೂ ಅದರದ್ದೇ. ಸರಿಯಾಗಿ ನೋಡಿಕೊಂಡ ಕೊಳ ಅಷ್ಟು ನಾರುವುದಿಲ್ಲ. ನೀರಿನ ಪಿಎಚ್ 7.2ರಿಂದ 7.8ರ ಒಳಗಿರಬೇಕು, ಕ್ಲೋರಿನ್ ಎಷ್ಟಿದೆ ಅಂತ ದಿನಕ್ಕೆ ಹಲವು ಸಲ ಅಳೆಯಬೇಕು. ಅಳೆದದ್ದನ್ನು ಬರೆಯಲು ಕೊಳದ ಪಕ್ಕ ಚಂದದ ಬೋರ್ಡ್ ಇತ್ತು. ಗಂಟೆಗೊಂದು ಮನೆ ಕೊರೆದಿದ್ದರು. ಒಂದರಲ್ಲೂ ಏನೂ ಬರೆದಿರಲಿಲ್ಲ. ನಾವು ಯಾರೂ ನೀರಿಗೆ ಇಳಿಯಲಿಲ್ಲ.

ಟಾಯ್ಲೆಟ್ಟಿನ ಬಗ್ಗೆ ಬರೆಯುವುದಿಲ್ಲ. ಊಟದ ಹೊತ್ತಿನಲ್ಲಿ ಓದುವವರೂ ಇರುತ್ತಾರೆ.

ಮಂಟಪದ ಮಾತು ಇಲ್ಲಿ ಹೇಳಲೇಬೇಕು. ಯಾಕೆಂದರೆ ಅವತ್ತು ಕ್ಯೂನಲ್ಲಿ ನಿಂತು ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ. ಮಡಿಕೇರಿ ದಸರಾ ನೋಡದವರಿಗೆ ಹೇಳುವುದಾದರೆ, ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಟ್ರ್ಯಾಕ್ಟರ್ ಮೇಲೆ ಹೊರಡುತ್ತವೆ. ಒಂದೊಂದರಲ್ಲೂ ಒಂದು ಪುರಾಣದ ಕಥೆ. ದೊಡ್ಡ ದೊಡ್ಡ ಮೂರ್ತಿಗಳು ಏಳುತ್ತವೆ, ತಿರುಗುತ್ತವೆ, ಕತ್ತಿ ಬೀಸುತ್ತವೆ. ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಬೆಳಗಿನ ಜಾವದವರೆಗೂ ಜನ ರಸ್ತೆಯಲ್ಲೇ. ಅದರ ಹಿಂದೆ ಇರುವವರು ಊರಿನ ಹುಡುಗರು. ಎಲೆಕ್ಟ್ರಿಷಿಯನ್, ವೆಲ್ಡರ್, ಆಟೋ ಓಡಿಸುವವರು, ಕಾಲೇಜಿಗೆ ಹೋಗುವವರು. ಒಂದು ಮಂಟಪದ ಗೇರ್ ಬಾಕ್ಸ್ ಕೆಲಸಕ್ಕೆ ನನ್ನನ್ನೂ ಕರೆಯುತ್ತಾರೆ. ಸಂಬಳ ಇಲ್ಲ. ಕಾಫಿ ಮಾತ್ರ ಎಷ್ಟು ಬೇಕಾದರೂ.

ಕೆಲವು ವರ್ಷದ ಹಿಂದೆ ನಮ್ಮ ಅಸುರನ ಬಲಗೈ ಏಳಲಿಲ್ಲ. ಮೋಟಾರ್ ಸುಟ್ಟು ಹೋಗಿತ್ತು. ತೀರ್ಪುಗಾರರು ಬರಲು ಸ್ವಲ್ಪ ಹೊತ್ತು ಬಾಕಿ. ಮುಂದೆ ಸಾವಿರಾರು ಜನ. ತಂಡದ ಹಿರಿಯರೊಬ್ಬರು ಮೈಕ್ ತಗೊಂಡು, "ಅಸುರನ ಕೈಗೆ ಪೆಟ್ಟಾಗಿದೆ, ಸ್ವಲ್ಪ ಕಾಯಿರಿ, ಇಲ್ಲ ಅಂದ್ರೆ ಮುಂದಿನ ಮಂಟಪ ನೋಡ್ಕೊಂಡು ಬನ್ನಿ" ಅಂದರು. ಜನ ನಕ್ಕರು. ಅರ್ಧ ಜನ ಮುಂದೆ ಹೋದರು, ಅರ್ಧ ಜನ ನಿಂತರು. ನಾವು ಬದಲಿ ಮೋಟಾರ್ ಹಾಕಿ ಕೈ ಎತ್ತಿಸಿದೆವು. ಆ ವರ್ಷ ಬಹುಮಾನ ಬರಲಿಲ್ಲ. ಆದರೆ ಬೈದುಕೊಂಡು ಹೋದವರು ಒಬ್ಬರೂ ಇಲ್ಲ. ಅದನ್ನು ನೋಡಲು ಯಾರೂ ಒಂದು ರೂಪಾಯಿ ಕೊಟ್ಟಿರಲಿಲ್ಲ ಅನ್ನುವುದನ್ನೂ ಗಮನಿಸಿ.

ಸಂಜೆ ಹೊರಗೆ ಬರುವಾಗ ಮ್ಯಾನೇಜರ್ ಬೇಕು ಅಂತ ಹಟ ಹಿಡಿದೆ. ಇಸ್ತ್ರಿ ಅಂಗಿಯ ಒಬ್ಬರು ಬಂದರು. ಮರ್ಯಾದಸ್ಥರೇ. ಟಿಕೆಟ್ ತಿರುಗಿಸಿ ತೋರಿಸಿದರು. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಯಾವುದೇ ರೈಡನ್ನು ಮುನ್ಸೂಚನೆ ಇಲ್ಲದೆ ನಿಲ್ಲಿಸುವ ಹಕ್ಕು ಆಡಳಿತಕ್ಕೆ ಇದೆ ಅಂತ ಬರೆದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದಳು. ಸುಂಟಿಕೊಪ್ಪದ ಹತ್ತಿರ ಅವಳದ್ದು ಎರಡು ರೂಮಿನ ಹೋಂಸ್ಟೇ ಇದೆ.

"ನಿಲ್ಸೋದಕ್ಕೆ ನಾವು ಬೇಡ ಅಂದ್ವಾ? ಆಗಸ್ಟ್‌ನಲ್ಲಿ ಫೋನ್ ಮಾಡಿದವರಿಗೆ ನಾನೇ ಹೇಳ್ತೀನಿ, ಮಂಜು ಬಿಟ್ಟು ಏನೂ ಕಾಣಲ್ಲ, ಕರೆಂಟೂ ಇರಲ್ಲ, ಜಿಗಣೆ ಕಚ್ಚುತ್ತೆ, ಆದ್ರೂ ಬರೋದಾದ್ರೆ ಬನ್ನಿ ಅಂತ. ಎರಡು ರೂಮಿನ ನನಗೆ ಹೇಳೋಕಾಗುತ್ತೆ. ನಿಮಗೆ ಒಂದು ಬೋರ್ಡ್ ಹಾಕೋಕೆ ಏನು ಕಷ್ಟ?"

"ಮೇಲಿನವರಿಗೆ ತಿಳಿಸ್ತೀವಿ ಮೇಡಂ" ಅಂದರು ಅವರು.

ಟಿಕೆಟ್ ಹಿಂದೆ ಬರೆದುಬಿಟ್ಟರೆ ಎಲ್ಲ ಮುಗಿಯಿತಾ ಅಂತ ನನಗೂ ಅನುಮಾನ ಇತ್ತು. ಮನೆಗೆ ಬಂದ ಮೇಲೆ ಅಕ್ಕನ ಮಗಳೇ ಹುಡುಕಿದಳು. ಕಾಮರ್ಸ್ ಓದುತ್ತಿದ್ದಾಳೆ, ಅವರಿಗೆ ಇದು ಪಾಠದಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೆ ದೂರು ಕೊಡಬಹುದು. ಗ್ರಾಹಕನಿಗೆ ಅನ್ಯಾಯವಾಗುವ ಒಪ್ಪಂದಗಳನ್ನೂ ಆ ಕಾಯ್ದೆ ಪ್ರಶ್ನೆ ಮಾಡುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಸಂಗತಿ. ಪಾರ್ಕ್ ಎಲ್ಲೇ ಇರಲಿ, ನಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದರೆ ಮಡಿಕೇರಿಯಲ್ಲೇ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಳ್ಳಬಹುದು. ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಆದರೂ ಮೊದಲು ಒಂದು ಪತ್ರ ಬರೆಯೋಣ ಅಂತ ಬರೆದೆ. ಬೈಗುಳ ಇಲ್ಲ. ಮೆಕ್ಯಾನಿಕ್ ಇನ್ನೊಬ್ಬ ಮೆಕ್ಯಾನಿಕ್‌ಗೆ ಬರೆಯುವ ಹಾಗೆ. ಕರಿ ಹಲಗೆ ವಾಪಸ್ ತನ್ನಿ. ಒಂದೇ ರೈಲು ಓಡುವ ದಿನ ನೀಲಿ ಬ್ಯಾಂಡ್ ಮಾರಬೇಡಿ. ಮಳೆಗಾಲದಲ್ಲಿ ಜನ ಕಡಿಮೆ ಇರುವಾಗ ಬಿಚ್ಚುವ ಕೆಲಸ ಮುಗಿಸಿ, ನಾವೂ ಹಾಗೇ ಮಾಡುತ್ತೇವೆ. ಪ್ಲಾಟ್‌ಫಾರ್ಮಿಗೆ ಇನ್ನಿಬ್ಬರನ್ನು ಕೊಡಿ.

ಉತ್ತರ ಬಂತು. ನಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳಿದ್ದರು. ಮುಂದಿನ ಭೇಟಿಗೆ ಒಂದು ಕೂಪನ್ ಕೂಡ ಕಳಿಸಿದ್ದರು. ನೀಲಿ ಬ್ಯಾಂಡ್ ಮೇಲೆ ಶೇಕಡ ಹತ್ತು ರಿಯಾಯಿತಿ.

ಭಾವ ಇದನ್ನು ಓದಿ ಅರ್ಧ ಗಂಟೆ ನಕ್ಕರು. ನಾನು ಪಾರ್ಕಿನ ನಂಬರಿಗೆ ಫೋನ್ ಮಾಡಿದೆ. ಕ್ರಿಸ್‌ಮಸ್ ರಜೆಗೆ ಬರಬೇಕು ಅಂತಿದ್ದೇವೆ, ಆ ಎತ್ತರದ ರೈಡ್ ಶುರುವಾಗಿದೆಯಾ ಅಂತ ಕೇಳಿದೆ.

"ಬನ್ನಿ ಸಾರ್, ಬಂದ ಮೇಲೆ ಗೊತ್ತಾಗುತ್ತೆ."

ಸ್ಪೀಕರ್ ಆನ್ ಇತ್ತು. ಅಕ್ಕನ ಮಗಳು ಏನೂ ಹೇಳದೆ ಲ್ಯಾಪ್‌ಟಾಪ್ ತೆರೆದು ದೂರಿನ ಫಾರಂ ತುಂಬಲು ಕೂತಳು. ಟಿಕೆಟ್, ಲ್ಯಾಮಿನೇಷನ್ ಬೋರ್ಡಿನ ಫೋಟೋ, ಖಾಲಿ ಮನೆಗಳ ಬೋರ್ಡಿನ ಫೋಟೋ ಎಲ್ಲ ಕಳಿಸು ಅಂದಿದ್ದಾಳೆ. ಅಳತೆ ಕಂಬದ ಹತ್ತಿರ ನಿಂತ ಹುಡುಗನ ಫೋಟೋವನ್ನೂ ಸೇರಿಸಬೇಕಾ ಅಂತ ಇಬ್ಬರೂ ಜಗಳ ಆಡುತ್ತಿದ್ದಾರೆ. ಅವನಿಗೆ ಅದು ಬೇಡವಂತೆ. ಈಗ ಇನ್ನೂ ಎರಡು ಸೆಂಟಿಮೀಟರ್ ಬೆಳೆದಿದ್ದಾನಂತೆ, ಹೊಸದಾಗಿ ತೆಗೆಯಬೇಕಂತೆ.